ಕೆಲಸಕ್ಕೊಂದು ನಂಬರ್, ಮನೆಗೊಂದು ನಂಬರ್: ಜಾಲತಾಣದ ಖಾತೆಗಳಿಗೆ ಗಡಿ ಹಾಕುವುದು ಹೇಗೆ?

ತಂಗಿಯ ಮದುವೆಯಲ್ಲಿ ಕುಣಿದ ವಿಡಿಯೊವನ್ನು ಕುಷ್ಟಗಿಯ ಶಿಕ್ಷಕಿಯೊಬ್ಬರು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರು ಎಂದುಕೊಳ್ಳಿ. ಮನೆಮಂದಿ ನೋಡುವ ಮೊದಲೇ ಏಳನೇ ತರಗತಿಯ ಪಾಲಕರು ಅದನ್ನು ನೋಡಿರುತ್ತಾರೆ. ಶಿಕ್ಷಕಿಯ ಫೋನಿನಲ್ಲಿ ಪಾಲಕರ ನಂಬರ್ ಸೇವ್ ಆಗಿದೆ, ಪಾಲಕರ ಫೋನಿನಲ್ಲಿ ಶಿಕ್ಷಕಿಯದು ಸೇವ್ ಆಗಿದೆ. ಎರಡೂ ಕಡೆ ಸೇವ್ ಆಗಿದ್ದರೆ ಸ್ಟೇಟಸ್ ಕಾಣುತ್ತದೆ. ‘ಮೈ ಕಾಂಟ್ಯಾಕ್ಟ್ಸ್’ ಎಂದು ಇಟ್ಟಿದ್ದೇನೆ, ಹೊರಗಿನವರಿಗೆ ಕಾಣುವುದಿಲ್ಲ ಎಂದು ನಂಬಿದವರು ಎಡವುವುದು ಇಲ್ಲೇ. ಆ ಪಟ್ಟಿಗೆ ಅತ್ತೆ, ಹೆಡ್‌ಮಾಸ್ತರು, ಸಿಲಿಂಡರ್ ತರುವವರು, ಪಾಲಕರು ಎಲ್ಲರೂ ಒಂದೇ.

ಶಿಕ್ಷಕರಿಗಷ್ಟೇ ಈ ಪಾಡು ಅಲ್ಲ. ನರ್ಸ್, ಆಶಾ ಕಾರ್ಯಕರ್ತೆ, ರೈತ ಸಂಪರ್ಕ ಕೇಂದ್ರದ ಅಧಿಕಾರಿ, ಬ್ಯಾಂಕ್ ಸಿಬ್ಬಂದಿ, ಲೈನ್‌ಮನ್, ಟ್ಯೂಷನ್ ಹೇಳುವವರು ಎಲ್ಲರ ನಂಬರೂ ಊರಿನ ಪಾಲಾಗಿರುತ್ತದೆ. ಆ ನಂಬರಿಗೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟೆಲಿಗ್ರಾಂ, ಯುಪಿಐ ಎಲ್ಲವೂ ಜೋಡಣೆಯಾಗಿರುತ್ತವೆ. ಹಾಗಾಗಿ ಕೆಲಸವನ್ನು ಪ್ರೊಫೈಲಿನಿಂದಲ್ಲ, ನಂಬರಿನಿಂದ ಶುರು ಮಾಡಬೇಕು. ನಂಬರ್ ಬೇರೆ ಮಾಡದೆ ಸೆಟ್ಟಿಂಗ್ ಎಷ್ಟು ತಿರುವಿದರೂ ಅರ್ಧ ಫಲ ಮಾತ್ರ.

ಹಳೆಯ ನಂಬರ್ ಕೆಲಸಕ್ಕೆ, ಹೊಸದು ಮನೆಗೆ

ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಹೊಸ ಸಿಮ್ ತಂದು ‘ಇದು ಶಾಲೆಯ ನಂಬರ್’ ಎಂದು ಪಾಲಕರಿಗೆ ಹಂಚುತ್ತಾರೆ. ವರ್ಷಗಳಿಂದ ಊರಲ್ಲಿ ಓಡಾಡುತ್ತಿರುವ ಹಳೆಯ ನಂಬರ್ ಯಾರ ಫೋನಿನಿಂದಲೂ ಅಳಿಯುವುದಿಲ್ಲ. ಕರೆಗಳು ಹಳೆಯದಕ್ಕೇ ಬರುತ್ತವೆ. ಊರಿಗೆ ಗೊತ್ತಿರುವ ನಂಬರನ್ನು ಕೆಲಸಕ್ಕೇ ಬಿಟ್ಟುಕೊಡಿ. ಹೊಸದನ್ನು ಮನೆಯವರಿಗೆ, ಹತ್ತಿರದ ಗೆಳೆಯರಿಗೆ ಮಾತ್ರ ಕೊಡಿ. ಬ್ಯಾಂಕ್, ಆಧಾರ್ ಹಳೆಯ ನಂಬರಿನಲ್ಲೇ ಇದ್ದರೆ ಅವಸರವಿಲ್ಲ, ಸಿಮ್ ನಿಮ್ಮ ಹೆಸರಲ್ಲಿ ನಿಮ್ಮ ಕೈಯಲ್ಲೇ ಇದ್ದರೆ ಸಾಕು.

ವಾಟ್ಸ್‌ಆ್ಯಪ್‌ನ ‘ಚೇಂಜ್ ನಂಬರ್’ ಮಾತ್ರ ಒತ್ತಬೇಡಿ. ಅದು ಹಳೆಯ ಗ್ರೂಪುಗಳನ್ನೆಲ್ಲ ಹೊಸ ನಂಬರಿಗೆ ಹೊತ್ತು ತರುತ್ತದೆ. ಪಾಲಕರ ಗ್ರೂಪಿಗೆ ನಿಮ್ಮ ಹೊಸ ನಂಬರ್ ತಾನಾಗಿ ತಿಳಿಯುತ್ತದೆ. ಮಾಡುವ ಕ್ರಮ ಹೀಗಿದೆ:

1. ಹಳೆಯ ನಂಬರಿನ ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಬ್ಯಾಕಪ್ ತೆಗೆದುಕೊಳ್ಳಿ.
2. ಅದೇ ಫೋನಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ಇದು ಉಚಿತ, ಅಂಗಡಿ ಇರಲೇಬೇಕೆಂದಿಲ್ಲ. ಹಳೆಯ ನಂಬರನ್ನೇ ಕೊಟ್ಟರೆ ಚಾಟ್, ಗ್ರೂಪು ಎಲ್ಲವೂ ಅಲ್ಲಿಗೆ ಬರುತ್ತವೆ.
3. ಈಗ ಮಾಮೂಲಿ ವಾಟ್ಸ್‌ಆ್ಯಪ್ ಖಾಲಿಯಾಯಿತು. ಅದನ್ನು ಹೊಸ ನಂಬರಿನಿಂದ ತೆರೆಯಿರಿ.
4. ಮನೆಯ ಗ್ರೂಪುಗಳಿಗೆ ಹೊಸ ನಂಬರ್ ಸೇರಿಸಿ, ಹಳೆಯ ನಂಬರಿನಿಂದ ಅವುಗಳಿಂದ ಹೊರಬನ್ನಿ.
5. ಎರಡೂ ಖಾತೆಗೆ ಸೆಟ್ಟಿಂಗ್ಸ್, ಅಕೌಂಟ್‌ನಲ್ಲಿ ಟು ಸ್ಟೆಪ್ ವೆರಿಫಿಕೇಶನ್ ಹಾಕಿ, ಬೇರೆ ಬೇರೆ 6 ಅಂಕಿಯ ಪಿನ್ ಕೊಡಿ. ಹುಟ್ಟಿದ ತಾರೀಖು ಬೇಡ.

ಆಂಡ್ರಾಯ್ಡ್ ಫೋನಿನಲ್ಲಿ ಒಂದೇ ವಾಟ್ಸ್‌ಆ್ಯಪ್‌ನೊಳಗೆ ಎರಡು ಖಾತೆ ಇಡುವ ಸೌಲಭ್ಯವೂ 2023ರಿಂದ ಇದೆ. ಆದರೆ ಎರಡು ಬೇರೆ ಆ್ಯಪ್ ಇರುವುದೇ ಒಳ್ಳೆಯದು. ಐಕಾನ್ ಬೇರೆ ಇರುವುದರಿಂದ ತಪ್ಪು ಖಾತೆಯಿಂದ ಫೋಟೊ ಕಳಿಸುವುದು ಕಡಿಮೆ. ರಾತ್ರಿ ಕೆಲಸದ ಆ್ಯಪನ್ನಷ್ಟೇ ಸುಮ್ಮನಾಗಿಸಬಹುದು.

ಎರಡನೇ ಸಿಮ್‌ಗೆ ರೀಚಾರ್ಜ್ ಮರೆಯಬಾರದು. 90 ದಿನ ಬಳಕೆಯಿಲ್ಲದೆ ಬಿದ್ದ ಪ್ರೀಪೇಯ್ಡ್ ನಂಬರ್ ರದ್ದಾಗಿ, ಮುಂದೆ ಬೇರೆಯವರಿಗೆ ಹೋಗಬಹುದು. ನಿಮ್ಮ ಖಾತೆಗಳ ಒಟಿಪಿ ಆಗ ಅವರ ಕೈಗೆ ಬರುತ್ತದೆ.

ಯಾರಿಗೆ ಏನು ಕಾಣಬೇಕು

ಎರಡೂ ಖಾತೆಯಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ತೆರೆಯಿರಿ. ಕೆಲಸದ ಖಾತೆಯ ಲಾಸ್ಟ್ ಸೀನ್ ‘ನೋಬಡಿ’, ಆನ್‌ಲೈನ್ ‘ಸೇಮ್ ಆ್ಯಸ್ ಲಾಸ್ಟ್ ಸೀನ್’ ಎಂದಿಡಿ. ನೀವು ಬಚ್ಚಿಟ್ಟರೆ ಬೇರೆಯವರದೂ ನಿಮಗೆ ಕಾಣುವುದಿಲ್ಲ. ಕೆಲಸದ ಖಾತೆಯಲ್ಲಿ ಅದರಿಂದ ನಷ್ಟವೇನಿಲ್ಲ. ಪ್ರೊಫೈಲ್ ಫೋಟೊಗೆ ಶಾಲೆಯ ಕಟ್ಟಡವೋ ಒಂಟಿ ಮುಖವೋ ಸಾಕು, ಮಕ್ಕಳನ್ನು ಎತ್ತಿಕೊಂಡ ಚಿತ್ರ ಬೇಡ. ಬಿಸಿನೆಸ್ ಪ್ರೊಫೈಲಿನಲ್ಲಿ ವಿಳಾಸ ಕೇಳುತ್ತದೆ. ಮನೆಯ ವಿಳಾಸ ಬರೆಯಬೇಡಿ.

‘ಗ್ರೂಪ್ಸ್’ ಎಂಬಲ್ಲಿ ‘ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್’ ಆಯ್ದು, ಸಿಕ್ಕಸಿಕ್ಕ ಗ್ರೂಪಿಗೆ ಎಳೆಯುವವರನ್ನು ಗುರುತು ಹಾಕಿ. ಆಮೇಲೆ ಅವರು ಆಹ್ವಾನ ಕಳಿಸಬೇಕಾಗುತ್ತದೆ, 3 ದಿನ ಸುಮ್ಮನಿದ್ದರೆ ಅದು ತಾನಾಗಿ ಅಳಿಯುತ್ತದೆ. ಮನೆಯ ಖಾತೆಯಲ್ಲಿ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಹಾಕಿ. ಕೆಲಸದ ಖಾತೆಯಲ್ಲಿ ಹಾಕಿದರೆ ಹೊಸ ಪಾಲಕರ ವಾಟ್ಸ್‌ಆ್ಯಪ್ ಕರೆ ರಿಂಗಾಗುವುದಿಲ್ಲ.

ನೀಲಿ ಟಿಕ್ (ರೀಡ್ ರಿಸೀಟ್ಸ್) ತೆಗೆದರೆ ಓದಿದ್ದು ಗೊತ್ತಾಗದು ಎಂಬ ನಂಬಿಕೆ ಅರ್ಧ ನಿಜ. ಒಬ್ಬೊಬ್ಬರ ಚಾಟಿಗೆ ಅದು ಸರಿ. ಗ್ರೂಪಿನಲ್ಲಿ ಮೆಸೇಜ್ ಕಳಿಸಿದವರು ‘ಇನ್ಫೊ’ ಒತ್ತಿದರೆ ಯಾರು ಓದಿದರು ಎಂಬುದು ಕಂಡೇ ಕಾಣುತ್ತದೆ. ಮೇಲಧಿಕಾರಿಯ ಗ್ರೂಪಿನ ವಿಷಯದಲ್ಲಿ ಇದನ್ನು ನೆನಪಿಡಿ. ಹಾಗೆಯೇ, ಒಬ್ಬರನ್ನು ಬ್ಲಾಕ್ ಮಾಡಿದರೂ ಇಬ್ಬರೂ ಇರುವ ಗ್ರೂಪಿನಲ್ಲಿ ನೀವು ಬರೆದದ್ದು ಅವರಿಗೆ ಕಾಣುತ್ತದೆ.

ಪಾಲಕರ ಗ್ರೂಪು: ನಂಬರ್ ಸೋರುವ ಜಾಗ

ಸಾಮಾನ್ಯ ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರೂ ಪ್ರತಿಯೊಬ್ಬರಿಗೂ ಸಿಗುತ್ತದೆ. ತಾಯಂದಿರ ನಂಬರಿಗೆ ಗೊತ್ತಿಲ್ಲದವರ ‘ಗುಡ್ ಮಾರ್ನಿಂಗ್’ ಬರತೊಡಗುವುದು ಹೀಗೆಯೇ, ಮತ್ತು ಆ ಹೊಣೆ ಗ್ರೂಪು ಕಟ್ಟಿದವರ ಮೇಲೆ ಬರುತ್ತದೆ. ಬರೀ ಸೂಚನೆ ಕೊಡುವುದಿದ್ದರೆ ಗ್ರೂಪಿನ ಬದಲು ಕಮ್ಯುನಿಟಿ ಮಾಡಿ. ಅದರ ಅನೌನ್ಸ್‌ಮೆಂಟ್ ಗ್ರೂಪಿನಲ್ಲಿ ಹೊಸ ಸೂಚನೆಯನ್ನು ಅಡ್ಮಿನ್ ಮಾತ್ರ ಹಾಕಬಹುದು, ಸದಸ್ಯರ ನಂಬರ್ ಉಳಿದ ಸದಸ್ಯರಿಗೆ ಕಾಣುವುದಿಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ ಕೂಡ ನಡೆಯುತ್ತದೆ, ಒಂದು ಪಟ್ಟಿಗೆ 256 ಜನ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಮೆಸೇಜ್ ಮುಟ್ಟುವುದಿಲ್ಲ. ‘ನಮಗ ಬಂದೇ ಇಲ್ಲರೀ’ ಎಂಬ ದೂರಿಗೆ ಮುಖ್ಯ ಕಾರಣ ಇದೇ.

ಗ್ರೂಪೇ ಬೇಕೆಂದರೆ ಗ್ರೂಪ್ ಪರ್ಮಿಶನ್ಸ್‌ನಲ್ಲಿ ಮೆಸೇಜ್ ಕಳಿಸುವುದು ಅಡ್ಮಿನ್‌ಗೆ ಮಾತ್ರ ಎಂದಿಟ್ಟು, ಪ್ರಶ್ನೆಗೆ ಸಂಜೆ ಒಂದು ತಾಸು ತೆರೆದಿಡಿ. ಕೆಲಸದ ಗ್ರೂಪುಗಳ ವಾಲ್‌ಪೇಪರನ್ನು ಕಣ್ಣಿಗೆ ಹೊಡೆಯುವ ಒಂದೇ ಬಣ್ಣಕ್ಕೆ ಬದಲಿಸಿದರೆ ಅಕ್ಕನಿಗೆ ಕಳಿಸುವುದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಗ್ರೂಪಿಗೆ ಹೋಗುವ ಅನಾಹುತ ತಪ್ಪುತ್ತದೆ. ತಪ್ಪಿ ಹೋದರೆ ಎರಡು ದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತು ‘ಡಿಲೀಟ್ ಫಾರ್ ಎವ್ರಿವನ್’ ಸಿಗುತ್ತದೆ. ಅವಸರದಲ್ಲಿ ‘ಡಿಲೀಟ್ ಫಾರ್ ಮಿ’ ಒತ್ತಿದರೆ ನಿಮಗೆ ಮಾತ್ರ ಅಳಿಯುತ್ತದೆ, ಉಳಿದವರಿಗೆ ಹಾಗೇ ಇರುತ್ತದೆ. ಒತ್ತಿದ ಕೂಡಲೇ ಕೆಲವು ಸೆಕೆಂಡು ಕೆಳಗೆ ‘ಅನ್‌ಡು’ ಕಾಣುತ್ತದೆ, ಅದನ್ನು ಒತ್ತಿ ಸರಿಪಡಿಸಿಕೊಳ್ಳಿ.

ವೇಳೆಯ ಗಡಿ

ರಾತ್ರಿ ಹತ್ತೂವರೆಗೆ ‘ಅಕ್ಕೋರೆ, ನಾಳೆ ಸಾಲಿ ಐತೇನ್ರೀ?’ ಎಂದು ಬರುತ್ತದೆ. ಕೇಳಿದವರದು ತಪ್ಪಲ್ಲ, ಅವರಿಗೆ ಹೊಲದ ಕೆಲಸ ಮುಗಿದು ಫೋನ್ ಕೈಗೆ ಬರುವುದೇ ಆಗ. ಆದರೆ ಆ ಹೊತ್ತಿಗೆ ಒಮ್ಮೆ ಉತ್ತರಿಸಿದರೆ ನಿಮ್ಮ ವೇಳೆ ಹತ್ತೂವರೆವರೆಗೆ ಎಂದಾಯಿತು. ಮುನಿಸು ಬರದಂತೆ ಮೊದಲೇ ಹೇಳಿಬಿಡುವುದು ಲೇಸು. ಬಿಸಿನೆಸ್ ಪ್ರೊಫೈಲಿನಲ್ಲಿ ಬಿಸಿನೆಸ್ ಅವರ್ಸ್ ತುಂಬಿ, ಬಿಸಿನೆಸ್ ಟೂಲ್ಸ್‌ನ ‘ಅವೇ ಮೆಸೇಜ್’ನಲ್ಲಿ (ನೀವಿಲ್ಲದಾಗ ತಾನಾಗಿ ಹೋಗುವ ಉತ್ತರ) ‘ಔಟ್‌ಸೈಡ್ ಬಿಸಿನೆಸ್ ಅವರ್ಸ್’ ಆಯ್ದುಕೊಳ್ಳಿ. ಬರಹ ಚಿಕ್ಕದಿರಲಿ:

‘ನಮಸ್ಕಾರ. ಶಾಲೆಯ ವಿಷಯಕ್ಕೆ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಉತ್ತರಿಸುತ್ತೇನೆ. ಮಗುವಿನ ಆರೋಗ್ಯದಂಥ ತುರ್ತು ಇದ್ದರೆ ದಯವಿಟ್ಟು ಫೋನ್ ಮಾಡಿರಿ.’

ಕರೆಯ ದಾರಿ ತೆರೆದಿಟ್ಟದ್ದರಿಂದ ಸೊಕ್ಕು ಎಂದು ಯಾರೂ ಅನ್ನುವುದಿಲ್ಲ. ಫೋನಿಗೆ ಇಂಟರ್‌ನೆಟ್ ಇದ್ದಾಗ ಮಾತ್ರ ಈ ಉತ್ತರ ಹೋಗುತ್ತದೆ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಫೋಕಸ್ ಮೋಡ್‌ಗೆ ವೇಳೆ ಕೊಟ್ಟು ಬಿಸಿನೆಸ್ ಆ್ಯಪನ್ನು ರಾತ್ರಿ ತಡೆಹಿಡಿಯಬಹುದು. ಹಾಕಿದ ಮೊದಲ ರಾತ್ರಿ ಮನೆಯವರ ಫೋನಿನಿಂದ ಒಂದು ಮೆಸೇಜ್ ಕಳಿಸಿ ನೋಡಿ; ಅವೇ ಮೆಸೇಜ್ ಹೋಗದಿದ್ದರೆ ಫೋಕಸ್ ಮೋಡ್ ಬಿಟ್ಟು, ಆ ಆ್ಯಪಿನ ನೋಟಿಫಿಕೇಶನ್ ಅಷ್ಟೇ ಬಂದ್ ಮಾಡಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ

ಫೇಸ್‌ಬುಕ್‌ನಲ್ಲಿ ಮೊದಲು ಹಳೆಯ ಕಸ ಗುಡಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಪೋಸ್ಟ್‌ಗಳ ಭಾಗಕ್ಕೆ ಹೋಗಿ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಒತ್ತಿ. ಪಬ್ಲಿಕ್ ಆಗಿದ್ದ ನಿಮ್ಮ ಹಳೆಯ ಪೋಸ್ಟ್‌ಗಳು ಒಮ್ಮೆಗೇ ಫ್ರೆಂಡ್ಸ್‌ಗೆ ಸೀಮಿತವಾಗುತ್ತವೆ. ಮತ್ತೆ ಪಬ್ಲಿಕ್ ಮಾಡಬೇಕೆಂದರೆ ಒಂದೊಂದಾಗಿಯೇ ಮಾಡಬೇಕು, ಯೋಚಿಸಿ ಒತ್ತಿ. ಬಳಿಕ ಟ್ಯಾಗ್ ರಿವ್ಯೂ ಆನ್ ಮಾಡಿ, ಫೋನ್ ನಂಬರಿನಿಂದ ಹುಡುಕುವುದನ್ನು ‘ಓನ್ಲಿ ಮಿ’ ಮಾಡಿ, ಕಾಂಟ್ಯಾಕ್ಟ್ ಅಪ್‌ಲೋಡ್ (ಫೋನಿನಲ್ಲಿರುವ ನಂಬರುಗಳು ಫೇಸ್‌ಬುಕ್‌ಗೆ ಹೋಗುವುದು) ಬಂದ್ ಮಾಡಿ. ರೋಗಿಯ ಸಂಬಂಧಿಯ ಹೆಸರು ‘ಪೀಪಲ್ ಯು ಮೇ ನೋ’ನಲ್ಲಿ ಪ್ರತ್ಯಕ್ಷವಾಗುವುದಕ್ಕೆ ಈ ಅಪ್‌ಲೋಡ್ ಒಂದು ಕಾರಣ.

ಪ್ರೊಫೈಲ್ ಲಾಕ್ ಒಳ್ಳೆಯದೇ, ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ಮನೆಗೆ ಕೀಲಿ ಹಾಕಿದರೂ ಅಗಸಿ ಕಟ್ಟೆಯ ಮೇಲೆ ಆಡಿದ ಮಾತು ಊರಿಗೆಲ್ಲ ಕೇಳುವಂತೆ, ಪಬ್ಲಿಕ್ ಪೋಸ್ಟಿನ ಕೆಳಗೆ ನೀವು ಬರೆದ ಕಾಮೆಂಟ್ ಎಲ್ಲರಿಗೂ ಕಾಣುತ್ತದೆ. ಸರ್ಕಾರಿ ನೌಕರರಿಗೆ ಇದು ನೌಕರಿಯ ಪ್ರಶ್ನೆ. ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದನ್ನು ನಿರ್ಬಂಧಿಸುತ್ತವೆ. ಸ್ಥಳೀಯ ಸುದ್ದಿ ಪುಟದಲ್ಲಿ ಶಾಸಕರ ಬಗ್ಗೆ ಬರೆದ ಒಂದು ಸಾಲಿನ ಸ್ಕ್ರೀನ್‌ಶಾಟ್ ನೋಟಿಸಿಗೆ ಲಗತ್ತಾಗಬಹುದು. ‘ಅಭಿಪ್ರಾಯ ವೈಯಕ್ತಿಕ’ ಎಂದು ಪ್ರೊಫೈಲಿನಲ್ಲಿ ಬರೆದುಕೊಂಡರೆ ರಕ್ಷಣೆ ಸಿಗುತ್ತದೆ ಎಂದು ನಂಬಬೇಡಿ.

ಇನ್‌ಸ್ಟಾಗ್ರಾಂನಲ್ಲಿ ಪ್ರೈವೇಟ್ ಮಾಡಿ, ಬೇಡದವರನ್ನು ‘ರಿಮೂವ್’ ಮಾಡಿ. ಅವರಿಗೆ ಸೂಚನೆ ಹೋಗುವುದಿಲ್ಲ. ಪ್ರೊಫೆಷನಲ್ ಖಾತೆ ಪ್ರೈವೇಟ್ ಆಗುವುದಿಲ್ಲ, ಆದ್ದರಿಂದ ಮೆಹಂದಿ, ಟ್ಯೂಷನ್ ಪ್ರಚಾರಕ್ಕೆ ಬೇರೆ ಖಾತೆಯೇ ಬೇಕು. ಟೆಲಿಗ್ರಾಂನಲ್ಲಿ ಫೋನ್ ನಂಬರ್ ‘ನೋಬಡಿ’.

ರಿಕ್ವೆಸ್ಟ್ ಬಂದಾಗ

ಓದುತ್ತಿರುವ ವಿದ್ಯಾರ್ಥಿ, ಚಿಕಿತ್ಸೆಯಲ್ಲಿರುವ ರೋಗಿ, ಸಾಲದ ಅರ್ಜಿ ಹಾಕಿದ ಗ್ರಾಹಕ: ಇವರ ರಿಕ್ವೆಸ್ಟ್ ಸ್ವೀಕರಿಸದಿರುವುದು ಸರಿಯಾದ ನಿಯಮ. ಎಲ್ಲರಿಗೂ ಒಂದೇ ನಿಯಮವಿದ್ದರೆ ಯಾರಿಗೂ ನೋವಾಗದು. ಆದರೆ ನಮ್ಮ ಊರುಗಳಲ್ಲಿ ಆ ವಿದ್ಯಾರ್ಥಿ ಸೋದರಮಾವನ ಮಗನೂ ಆಗಿರಬಹುದು, ಇಲ್ಲವೆಂದರೆ ಜಾತ್ರೆಯಲ್ಲಿ ಮಾತು ಬರುತ್ತದೆ. ಅಂಥವರನ್ನು ಫೇಸ್‌ಬುಕ್‌ನಲ್ಲಿ ಸೇರಿಸಿಕೊಂಡು ‘ರಿಸ್ಟ್ರಿಕ್ಟೆಡ್’ ಪಟ್ಟಿಗೆ ಹಾಕಿ. ಫ್ರೆಂಡ್ ಆಗಿಯೇ ಇರುತ್ತಾರೆ, ಪಬ್ಲಿಕ್ ಪೋಸ್ಟ್‌ಗಳನ್ನು, ನೀವು ಅವರನ್ನು ಟ್ಯಾಗ್ ಮಾಡಿದವನ್ನು ಮಾತ್ರ ನೋಡುತ್ತಾರೆ.

ಹದಿನೆಂಟು ತುಂಬದ ವಿದ್ಯಾರ್ಥಿಯ ಜತೆ ಒಬ್ಬರಿಗೊಬ್ಬರೇ ಚಾಟ್ ಬೇಡವೇ ಬೇಡ. ಪಾಠದ ಪ್ರಶ್ನೆ ಇದ್ದರೆ ಪಾಲಕರ ನಂಬರಿಗೆ ಉತ್ತರಿಸಿ. ಮಾಯವಾಗುವ ಮೆಸೇಜ್ ಸೌಲಭ್ಯವನ್ನು ಕೆಲಸದ ಚಾಟುಗಳಲ್ಲಿ ಹಾಕಬೇಡಿ; ನಾಳೆ ಆರೋಪ ಬಂದರೆ ನೀವು ಬರೆದದ್ದೇ ನಿಮ್ಮ ಸಾಕ್ಷಿ.

ಫೋಟೊ ಹಾಕುವ ಮುನ್ನ ಹಿಂದೆ ಏನಿದೆ ನೋಡಿ

ವಾರ್ಡಿನಲ್ಲಿ ತೆಗೆದ ಸೆಲ್ಫಿಯನ್ನು ಎರಡು ಬೆರಳಿಂದ ಹಿಗ್ಗಿಸಿ. ಮಂಚದ ಕಾಲಬಳಿ ತೂಗುಹಾಕಿದ ಕೇಸ್‌ಶೀಟ್‌ನಲ್ಲಿ ರೋಗಿಯ ಹೆಸರು, ಊರು, ಕಾಯಿಲೆ ಓದಲು ಬರುತ್ತದೆ. ತರಗತಿಯ ಫೋಟೊದಲ್ಲಿ ಹಾಜರಿ ಪುಸ್ತಕ, ಬ್ಯಾಂಕ್ ಕೌಂಟರಿನಲ್ಲಿ ತೆರೆದ ಕಂಪ್ಯೂಟರ್ ಪರದೆ, ಮನೆಯ ಮುಂದೆ ನಿಂತ ಬೈಕಿನ ನಂಬರ್ ಪ್ಲೇಟ್ ಹೀಗೇ ಬಯಲಾಗುತ್ತವೆ. ಮಸುಕು ಮಾಡುವುದಕ್ಕಿಂತ ಕತ್ತರಿಸುವುದು ಖಾತ್ರಿ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದು ತೆಗೆದ ಜಾಗದ ಮಾಹಿತಿಯೂ ಜತೆಗೆ ಹೋಗಬಹುದು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಇರಲಿ.

ಮಕ್ಕಳ ಫೋಟೊಗೆ ಪಾಲಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74 ಮತ್ತು ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಪ್ರಕರಣಗಳಲ್ಲಿರುವ ಮಗುವಿನ ಗುರುತು ಬಯಲು ಮಾಡುವುದನ್ನು ನಿಷೇಧಿಸುತ್ತವೆ. ಹೆಸರು ಬಿಟ್ಟು ಶಾಲೆಯ ಹೆಸರು ಹಾಕಿದರೂ ತಪ್ಪೇ.

ನಿಮ್ಮ ಹೆಸರಲ್ಲಿ ನಕಲಿ ಖಾತೆ ಬಂದರೆ

ಮೊದಲು ಬ್ಲಾಕ್ ಮಾಡಬೇಡಿ. ಆ ಖಾತೆಯ ಲಿಂಕ್ ಕಾಪಿ ಮಾಡಿಕೊಂಡು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಖಾತೆಯ ಮೂರು ಚುಕ್ಕೆ ಒತ್ತಿ ‘ನನ್ನಂತೆ ನಟಿಸುತ್ತಿದ್ದಾರೆ’ ಎಂಬ ಕಾರಣ ಕೊಟ್ಟು ರಿಪೋರ್ಟ್ ಮಾಡಿ. ಆ ಖಾತೆಯನ್ನು ನಂಬಿ ಯಾರಾದರೂ ದುಡ್ಡು ಕಳಿಸಿಬಿಟ್ಟಿದ್ದರೆ ಅವರೇ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಕೊಪ್ಪಳ, ರಾಯಚೂರು, ಬಳ್ಳಾರಿಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬಹುದು.

ವರ್ಗಾವಣೆಯಾದಾಗ

ಗ್ರೂಪಿನಿಂದ ಸುಮ್ಮನೆ ಹೊರಬರಬೇಡಿ. ಒಬ್ಬರೇ ಅಡ್ಮಿನ್ ಆಗಿದ್ದವರು ಹೊರಬಿದ್ದರೆ ವಾಟ್ಸ್‌ಆ್ಯಪ್ ಸದಸ್ಯರಲ್ಲಿ ಯಾರನ್ನೋ ಒಬ್ಬರನ್ನು ಅಡ್ಮಿನ್ ಮಾಡಿಬಿಡುತ್ತದೆ. ಬದಲಿಗೆ ಬಂದವರನ್ನು ಮೊದಲು ಅಡ್ಮಿನ್ ಮಾಡಿ, ಗ್ರೂಪಿನಲ್ಲಿ ಅವರ ಪರಿಚಯ ಹಾಕಿ, ಆಮೇಲೆ ಹೊರಬನ್ನಿ. ಶಾಲೆಯ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಅದನ್ನು ಲಾಗ್ ಔಟ್ ಮಾಡಿ. ಶಾಲೆಯ ಫೇಸ್‌ಬುಕ್ ಪುಟ ನಿಮ್ಮ ಖಾತೆಯಿಂದ ತೆರೆದದ್ದಾದರೆ ಪೂರ್ತಿ ಅಧಿಕಾರವನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಅವರು ಅದನ್ನು ಒಪ್ಪಿಕೊಂಡದ್ದು ಖಚಿತವಾದ ಮೇಲೆ ನಿಮ್ಮ ಹೆಸರು ತೆಗೆಯಿರಿ.