ಸಕ್ಕರೆ ಬದಲು ಸಿಹಿಕಾರಕ: ನಿಮಗೆ ಒಗ್ಗುತ್ತದೆಯೇ? ಪರೀಕ್ಷಿಸುವುದು ಹೀಗೆ

ಕ್ಯಾಲೊರಿ ಇಲ್ಲ ಎಂದ ಮಾತ್ರಕ್ಕೆ ಪರಿಣಾಮವೂ ಇಲ್ಲ ಎನ್ನುವಂತಿಲ್ಲ. 2022ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 120 ಆರೋಗ್ಯವಂತರನ್ನು ಗುಂಪು ಮಾಡಿ, ಕೆಲವು ಗುಂಪುಗಳಿಗೆ ಒಂದೊಂದು ಸಿಹಿಕಾರಕ ಕೊಟ್ಟು ಎರಡು ವಾರ ಗಮನಿಸಲಾಯಿತು. ಕೊಟ್ಟ ಪ್ರಮಾಣ ದಿನದ ಸುರಕ್ಷಿತ ಮಿತಿಗಿಂತ ಕಡಿಮೆಯೇ ಇತ್ತು. ಆದರೂ ಸ್ಯಾಕರಿನ್ ಮತ್ತು ಸುಕ್ರಲೋಸ್ ಗುಂಪುಗಳಲ್ಲಿ ಗ್ಲೂಕೋಸ್ ನಿಭಾಯಿಸುವ ಶಕ್ತಿ ಕುಂದಿತು, ಅದೂ ಎಲ್ಲರಲ್ಲಿ ಒಂದೇ ರೀತಿಯಲ್ಲ. ಸಿಹಿಕಾರಕಗಳು ಬದಲಿಸಬಲ್ಲ ಕರುಳಿನ ಬ್ಯಾಕ್ಟೀರಿಯಾ ಒಬ್ಬೊಬ್ಬರದು ಒಂದೊಂದು ಬಗೆ. ಅವುಗಳ ಬದಲಾವಣೆ ಮನೆಯಲ್ಲಿ ಕಾಣಸಿಗದು; ರಕ್ತದ ಸಕ್ಕರೆಯನ್ನಾದರೂ ಅಳೆಯಬಹುದು.

1. ಮೊದಲು ಲೇಬಲ್ ಓದಿ. ಅಲ್ಲಿ ಸಿಹಿಕಾರಕದ ಹೆಸರಿಗೆ ಬದಲು ಸಂಖ್ಯೆ ಇರಬಹುದು: 951 ಎಂದರೆ ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಆಸ್ಪರ್ಟೇಮ್ ಸಣ್ಣ ಕರುಳಿನಲ್ಲೇ ಒಡೆದುಹೋಗುತ್ತದೆ. ಸುಕ್ರಲೋಸ್‌ನ ಹೆಚ್ಚಿನ ಪಾಲು ಹೀರಿಕೆಯಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಸ್ಟೀವಿಯಾವನ್ನು ಒಡೆಯುವುದು ಅಲ್ಲಿನ ಬ್ಯಾಕ್ಟೀರಿಯಾಗಳೇ. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟಿನಿಂದ ಬರುವ ಅಪರೂಪದ ಕಾಯಿಲೆ ಇರುವವರಿಗೆ ಆಸ್ಪರ್ಟೇಮ್ ಸಲ್ಲದು.

2. ಒಂದು ವಾರ ಯಾವ ಸಿಹಿಕಾರಕವೂ ಬೇಡ. ಚೂಯಿಂಗ್ ಗಮ್, ಪ್ರೋಟೀನ್ ಪುಡಿ, ಕೆಮ್ಮಿನ ಸಿರಪ್‌ಗಳಲ್ಲೂ ಅವು ಅಡಗಿರುತ್ತವೆ. ಬಹುತೇಕರು ಎಡವುವುದು ಇಲ್ಲೇ. ವೈದ್ಯರು ಬರೆದ ಔಷಧವನ್ನು ಮಾತ್ರ ಇದಕ್ಕಾಗಿ ನಿಲ್ಲಿಸಬೇಡಿ.

3. ವಾರದ ಕೊನೆಗೆ, ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿದ್ದು, ಬೆಳಿಗ್ಗೆ ಗ್ಲೂಕೋಮೀಟರ್‌ನಲ್ಲಿ ಅಳೆಯಿರಿ. ತೂಕ ಮಾಡಿಟ್ಟ ಒಂದೇ ಬಗೆಯ ತಿಂಡಿ ತಿಂದು, ಮೊದಲ ತುತ್ತಿನಿಂದ 30, 60, 90, 120 ನಿಮಿಷಕ್ಕೆ ಮತ್ತೆ ಅಳೆಯಿರಿ. ಬೆರಳನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳಿ; ಹಣ್ಣಿನ ರಸದ ಅಂಟು ಉಳಿದರೂ ಅಂಕಿ ಜಿಗಿಯುತ್ತದೆ. ಇನ್ನೊಂದು ಬೆಳಿಗ್ಗೆ ಇದನ್ನೇ ಪುನಃ ಮಾಡಿ.

4. ಮುಂದಿನ ಎರಡು ವಾರ ಒಂದೇ ಸಿಹಿಕಾರಕವನ್ನು ನಿತ್ಯ ಒಂದೇ ಪ್ರಮಾಣದಲ್ಲಿ ಬಳಸಿ. ಸ್ಯಾಕರಿನ್‌ಗೆ ಅಂತರರಾಷ್ಟ್ರೀಯ ತಜ್ಞ ಸಮಿತಿಯ ಮಿತಿ ಕಿಲೋ ದೇಹತೂಕಕ್ಕೆ 5 ಮಿ.ಗ್ರಾಂ., ಅಂದರೆ 60 ಕಿಲೋ ಇರುವವರಿಗೆ ದಿನಕ್ಕೆ 300 ಮಿ.ಗ್ರಾಂ. ಆಸ್ಪರ್ಟೇಮ್‌ಗೆ ಕಿಲೋಗೆ 40. ಪುಡಿಗಿಂತ ಮಾತ್ರೆ ಅಥವಾ ಹನಿ ವಾಸಿ: ಸ್ಯಾಶೆಯಲ್ಲಿ ಗಾತ್ರಕ್ಕಾಗಿ ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರುತ್ತಾರೆ, ಅವೇ ರಕ್ತದ ಸಕ್ಕರೆ ಏರಿಸಬಲ್ಲವು.

5. ಮೂರನೆಯ ಹಂತವನ್ನು ಅದೇ ತಿಂಡಿಯೊಂದಿಗೆ, ಎರಡು ಬೆಳಿಗ್ಗೆ ಮತ್ತೆ ಮಾಡಿ. ಮೀಟರ್‌ನಲ್ಲೇ ಸುಮಾರು ಶೇ 15ರಷ್ಟು ಹೆಚ್ಚುಕಮ್ಮಿ ಇರುವುದರಿಂದ ಡೆಸಿಲೀಟರ್‌ಗೆ ಹತ್ತು ಮಿ.ಗ್ರಾಂ. ವ್ಯತ್ಯಾಸಕ್ಕೆ ಬೆಲೆಯಿಲ್ಲ. ನಿದ್ದೆಗೆಟ್ಟ ದಿನದ ಅಂಕಿಯನ್ನೂ ಬಿಡಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಸಿಹಿಕಾರಕ ಬಿಟ್ಟು ಸಕ್ಕರೆಗೆ ಮರಳುವುದಂತೂ ಬೇಡವೇ ಬೇಡ. ಉಳಿದವರಿಗೆ, ಎರಡೂ ಬೆಳಿಗ್ಗೆ ಏರಿಕೆ ಎದ್ದು ಕಂಡರೆ ಆ ಸಿಹಿಕಾರಕ ನಿಲ್ಲಿಸಿ, ಎರಡು ವಾರದ ನಂತರ ಅಳೆಯಿರಿ. ಅಂಕಿ ಇಳಿದರೆ ಅನುಮಾನ ಗಟ್ಟಿ. ಇಳಿಯದಿದ್ದರೆ ಕಾರಣ ಬೇರೆ ಇರಬಹುದು; ಅಳೆದ ಅಂಕಿಗಳ ಪಟ್ಟಿ ಹಿಡಿದು ವೈದ್ಯರನ್ನು ಕಾಣಿ.