ಲಾಂಗ್ ರೈಡ್‌ನಲ್ಲಿ ಹಸಿವಿಗೆ ಕಾಯಬೇಡಿ, ಗಡಿಯಾರ ನೋಡಿ ತಿನ್ನಿ

ಎರಡು ಗಂಟೆ ಆರಾಮಾಗಿ ಪೆಡಲ್ ತುಳಿದವರ ಕಾಲು ಮೂರನೇ ಗಂಟೆಯಲ್ಲಿ ಇದ್ದಕ್ಕಿದ್ದಂತೆ ಸೋತುಹೋಗುತ್ತದೆ. ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ, ಚಿಕ್ಕ ಏರೂ ಬೆಟ್ಟದಂತೆ ಕಾಣುತ್ತದೆ. ಸೈಕ್ಲಿಸ್ಟ್‌ಗಳು ಇದಕ್ಕೆ ‘ಬಾಂಕ್’ ಆಗೋದು ಅನ್ನುತ್ತಾರೆ. ಪ್ರ್ಯಾಕ್ಟೀಸ್ ಸಾಲದೆ ಹೀಗಾಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಬಹಳ ಸಲ ನಿಜವಾದ ಕಾರಣ, ಮೊದಲ ಎರಡು ಗಂಟೆ ಬಾಯಿಗೆ ಏನೂ ಹಾಕಿಕೊಳ್ಳದೆ ಇದ್ದದ್ದು.

ತಿಂದ ಕಾರ್ಬೋಹೈಡ್ರೇಟನ್ನು ದೇಹ ಗ್ಲೈಕೊಜೆನ್ ರೂಪದಲ್ಲಿ ಕೂಡಿಡುತ್ತದೆ: ಸ್ನಾಯುಗಳಲ್ಲಿ ಸುಮಾರು 300ರಿಂದ 500 ಗ್ರಾಂ, ಲಿವರ್‌ನಲ್ಲಿ 80ರಿಂದ 100 ಗ್ರಾಂ. ಬಿರುಸಾಗಿ ತುಳಿದರೆ ಒಂದೂವರೆ ಎರಡು ಗಂಟೆಯಲ್ಲಿ ಇದು ತಳ ಕಾಣುತ್ತದೆ. ಕೊಬ್ಬು ಎಲ್ಲರಲ್ಲೂ ಬೇಕಾದಷ್ಟಿದೆ, ಆದರೆ ಅದರಿಂದ ಶಕ್ತಿ ನಿಧಾನವಾಗಿ ಹೊರಡುತ್ತದೆ; ಅದನ್ನೇ ನಂಬಿ ವೇಗ ಕಾಯ್ದುಕೊಳ್ಳಲಾಗದು. ಮಿದುಳಿಗೆ ಬೇಕಾದ ಗ್ಲೂಕೋಸ್ ಲಿವರ್‌ನಿಂದ ಬರುವುದರಿಂದ ಅಲ್ಲಿನ ಸಂಗ್ರಹ ಮುಗಿದಾಗ ಕಾಲಿನ ಜೊತೆ ತಲೆಯೂ ಮಂಕಾಗುತ್ತದೆ.

ಹೊರಡುವ ಎರಡು ಮೂರು ಗಂಟೆ ಮೊದಲು ಊಟ ಮುಗಿಸಿ. ದೇಹತೂಕದ ಪ್ರತಿ ಕಿಲೋಗೆ 2 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಸಿಗಲಿ, ಅಂದರೆ 65 ಕಿಲೋ ತೂಕದವರಿಗೆ 130 ಗ್ರಾಂ. ಎಣ್ಣೆ, ನಾರು ಕಡಿಮೆ ಇರಲಿ. ಇವೆರಡೂ ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತವೆ. ನಸುಕಿನಲ್ಲೇ ಹೊರಡುವವರು ರಾತ್ರಿ ಚೆನ್ನಾಗಿ ಉಂಡು, ಬೆಳಿಗ್ಗೆ ಬಾಳೆಹಣ್ಣನ್ನೋ ಎರಡು ಸ್ಲೈಸ್ ಬ್ರೆಡ್ಡನ್ನೋ ತಿಂದು ಹೊರಟರೂ ಆದೀತು. ಆದರೆ ಆಮೇಲೆ ದಾರಿಯಲ್ಲಿ ತಿನ್ನುವುದನ್ನು ತಡ ಮಾಡಬಾರದು.

ಗಂಟೆಗೆ ಎಷ್ಟು?

ಒಂದು ಗಂಟೆಯೊಳಗಿನ ರೈಡ್‌ಗೆ ನೀರು ಸಾಕು. ಎರಡು ಮೂರು ಗಂಟೆಯದಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಅದಕ್ಕಿಂತ ಉದ್ದವಾಗಿದ್ದು, ವೇಗವೂ ಹೆಚ್ಚಿದ್ದರೆ 90 ಗ್ರಾಂವರೆಗೂ ಹೋಗಬಹುದು, ಹೊಟ್ಟೆಗೆ ಅಭ್ಯಾಸವಿದ್ದರೆ ಮಾತ್ರ.

ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ದೊಡ್ಡ ಖರ್ಜೂರ ಒಂದರಲ್ಲಿ 16ರಿಂದ 18 ಗ್ರಾಂ. ಜಾಮ್ ಸವರಿದ ಎರಡು ಸ್ಲೈಸ್ ಬ್ರೆಡ್‌ನಲ್ಲಿ 40ರ ಹತ್ತಿರ, 100 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ 20. ಎನರ್ಜಿ ಜೆಲ್‌ಗಳಲ್ಲಿ (ಪುಟ್ಟ ಪ್ಯಾಕೆಟ್‌ನಲ್ಲಿ ಬರುವ ಗಟ್ಟಿ ಸಿಹಿ ಪಾಕ) ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ವ್ಯತ್ಯಾಸವಿದೆ, ಪ್ಯಾಕೆಟ್ ಓದಿಯೇ ಲೆಕ್ಕ ಹಾಕಿ.

ಮೊದಲ ತುತ್ತು 20ರಿಂದ 30 ನಿಮಿಷದೊಳಗೆ ಬಾಯಿಗೆ ಬೀಳಬೇಕು. ಆಮೇಲೆ ಪ್ರತಿ 20 ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಸೈಕಲ್ ಕಂಪ್ಯೂಟರ್‌ನಲ್ಲೋ ವಾಚ್‌ನಲ್ಲೋ ಅಲಾರಂ ಇಟ್ಟುಕೊಳ್ಳಿ, ಯಾಕೆಂದರೆ ಸುಲಭವಾಗಿ ಸಾಗುತ್ತಿರುವಾಗಲೇ ತಿನ್ನುವುದು ಮರೆತುಹೋಗುತ್ತದೆ. ಹಸಿವು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ತಿಂದದ್ದು ಜೀರ್ಣವಾಗಿ ಕಾಲಿಗೆ ಮುಟ್ಟಲು ಹೊತ್ತು ಬೇಕು. ಏರು ಹತ್ತುತ್ತಾ ತಿನ್ನಬೇಡಿ, ಏದುಸಿರಿನಲ್ಲಿ ತುತ್ತು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಏರು ಶುರುವಾಗುವ ಹತ್ತು ನಿಮಿಷ ಮೊದಲೇ ಮುಗಿಸಿಕೊಳ್ಳಿ.

ಚಿಕ್ಕ ತಯಾರಿ ಬಹಳ ಸಹಾಯ ಮಾಡುತ್ತದೆ. ಬ್ರೆಡ್ಡನ್ನು ಎರಡೇ ಕಚ್ಚಿಗೆ ಮುಗಿಯುವ ತುಂಡು ಮಾಡಿ ಬಟರ್ ಪೇಪರ್‌ನಲ್ಲಿ ಸಡಿಲವಾಗಿ ಸುತ್ತಿ. ಖರ್ಜೂರದ ಬೀಜ ಮನೆಯಲ್ಲೇ ತೆಗೆದಿಡಿ. ಎನರ್ಜಿ ಬಾರ್‌ಗಳ ಹೊದಿಕೆಯ ತುದಿಯನ್ನು ಸ್ವಲ್ಪ ಹರಿದಿಟ್ಟುಕೊಂಡರೆ ಬೆವರಿದ ಬೆರಳಲ್ಲಿ, ಒಂದೇ ಕೈಯಲ್ಲಿ ಬಿಡಿಸಬಹುದು. ಬಿಚ್ಚುವುದು ಕಷ್ಟವೆನಿಸಿದ ತಿಂಡಿ ಜೇಬಿನಲ್ಲೇ ಉಳಿದು ಮನೆಗೆ ವಾಪಸ್ ಬರುತ್ತದೆ.

ಬಾಟಲಿಯಲ್ಲಿ ಏನಿರಬೇಕು?

750 ಮಿಲಿಲೀಟರ್ ನೀರಿಗೆ 45 ಗ್ರಾಂ ಸಕ್ಕರೆ (ಮಟ್ಟಸವಾಗಿ 11 ಟೀಚಮಚ), ಕಾಲು ಟೀಚಮಚ ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಸಕ್ಕರೆ, ಉಪ್ಪು ಕರಗಿಸಿ, ಆಮೇಲೆ ತಣ್ಣೀರು ತುಂಬಿ. ಇದು ಶೇ. 6ರ ದ್ರಾವಣ. ಶೇ. 8 ದಾಟಿದರೆ ಹೊಟ್ಟೆಯಿಂದ ಕೆಳಗಿಳಿಯುವುದು ನಿಧಾನವಾಗಿ ಹೊಟ್ಟೆ ಕುಲುಕಾಡುತ್ತದೆ, ವಾಕರಿಕೆ ಬರುತ್ತದೆ.

ಸಾದಾ ಸಕ್ಕರೆಯನ್ನು ಕೀಳಾಗಿ ಕಾಣಬೇಕಿಲ್ಲ. ಅದರಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಕರುಳು ಗ್ಲೂಕೋಸನ್ನು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಹೀರಬಲ್ಲದು, ಫ್ರಕ್ಟೋಸ್ ಬೇರೆ ದಾರಿಯಲ್ಲಿ ಒಳಹೋಗುತ್ತದೆ. ಹಾಗಾಗಿ ಗಂಟೆಗೆ 60 ಗ್ರಾಂ ದಾಟುವವರಿಗೆ ಬರೀ ಗ್ಲೂಕೋಸ್ ಪುಡಿಗಿಂತ ಎರಡೂ ಇರುವ ಸಕ್ಕರೆಯೇ ಮೇಲು.

ಇನ್ನೊಂದು ಬಾಟಲಿಯಲ್ಲಿ ಬರೀ ನೀರಿರಲಿ. ಜೆಲ್, ಖರ್ಜೂರ ತಿಂದಾಗ ಕುಡಿಯಬೇಕಾದ್ದು ಅದನ್ನು. ಜೆಲ್ ಮೇಲೆ ಮತ್ತೆ ಸಿಹಿನೀರು ಕುಡಿದರೆ ಹೊಟ್ಟೆಯಲ್ಲಿ ಪಾಕ ಗಟ್ಟಿಯಾಗುತ್ತದೆ. ರೈಡ್‌ನಲ್ಲಿ ಹೊಟ್ಟೆ ಕೆಡುವುದಕ್ಕೆ ಇದೊಂದು ದೊಡ್ಡ ಕಾರಣ. ಸಕ್ಕರೆ ಹಾಕಿದ ಬಾಟಲಿಯನ್ನು ಅದೇ ದಿನ ತೊಳೆಯಿರಿ, ಮುಚ್ಚಳದ ನಳಿಗೆಯನ್ನೂ ಬಿಚ್ಚಿ. ಬೂಷ್ಟು ಮೊದಲು ಕಟ್ಟುವುದು ಅಲ್ಲೇ.

ಎಷ್ಟು ಕುಡಿಯಬೇಕು ಎಂಬುದು ನಿಮ್ಮ ಬೆವರನ್ನು ಅವಲಂಬಿಸಿದೆ. ಗಂಟೆಗೆ 500ರಿಂದ 750 ಮಿಲಿಲೀಟರ್‌ನಿಂದ ಶುರುಮಾಡಿ, ನಂತರ ತೂಕ ನೋಡಿ ತಿದ್ದಿಕೊಳ್ಳಿ. ರೈಡ್‌ಗೆ ಮೊದಲು 70 ಕಿಲೋ, ಮೂರು ಗಂಟೆಯ ನಂತರ 69, ನಡುವೆ ಕುಡಿದದ್ದು ಒಂದೂವರೆ ಲೀಟರ್ ಅಂದುಕೊಳ್ಳಿ. ಬೆವರಿದ್ದು ಸುಮಾರು ಎರಡೂವರೆ ಲೀಟರ್, ಗಂಟೆಗೆ 830 ಮಿಲಿಲೀಟರ್. ಪೂರ್ತಿ ತುಂಬಿಸಿಕೊಳ್ಳುವ ಅಗತ್ಯವಿಲ್ಲ, ತೂಕದಲ್ಲಿ ಶೇ. 2ಕ್ಕಿಂತ ಹೆಚ್ಚು ಇಳಿಯದಿದ್ದರೆ ಸಾಕು. ತೂಕ ಏರಿದ್ದರೆ ಮಾತ್ರ ಎಚ್ಚರಿಕೆ: ಬರೀ ನೀರನ್ನೇ ಅತಿಯಾಗಿ ಕುಡಿದಾಗ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಬೆರಳು ಊದುವುದು, ಗೊಂದಲ ಇದರ ಲಕ್ಷಣಗಳು. ಗೊಂದಲ ಕಾಣಿಸಿಕೊಂಡರೆ ಇನ್ನಷ್ಟು ನೀರು ಕುಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಐದಾರು ಗಂಟೆ ದಾಟಿದ ಮೇಲೆ ಸಿಹಿ ಕಂಡರೇ ಬೇಡವೆನಿಸುತ್ತದೆ. ಅದಕ್ಕೆ ಉಪ್ಪು ಹಾಕಿ ಬೇಯಿಸಿದ ಪುಟ್ಟ ಆಲೂಗಡ್ಡೆಗಳನ್ನು ಜೊತೆಗಿಟ್ಟುಕೊಳ್ಳಿ. ಗಂಟೆಗೆ 30 ಗ್ರಾಂ ತಿನ್ನುತ್ತಿದ್ದವರು ಒಮ್ಮೆಲೇ 80ಕ್ಕೆ ಹಾರಬೇಡಿ. ಕರುಳಿಗೂ ತರಬೇತಿ ಬೇಕು. ವಾರಕ್ಕೆ ಹತ್ತು ಗ್ರಾಂ ಏರಿಸುತ್ತಾ ಹೋಗಿ. ಹೊಸ ಜೆಲ್, ಹೊಸ ಪುಡಿ ಯಾವುದನ್ನೂ ದೊಡ್ಡ ರೈಡ್‌ನ ದಿನ ಮೊದಲ ಸಲ ಬಾಯಿಗಿಡಬೇಡಿ. ಮಧುಮೇಹ ಇರುವವರು ಈ ಪ್ರಮಾಣಗಳನ್ನು ವೈದ್ಯರ ಜೊತೆ ಮಾತಾಡಿಯೇ ನಿಗದಿ ಮಾಡಿಕೊಳ್ಳಬೇಕು.

ಇಷ್ಟಾಗಿಯೂ ಬಾಂಕ್ ಆದರೆ ಹಟ ಮಾಡಿ ತುಳಿಯಬೇಡಿ, ತಲೆ ಮಂಕಾದಾಗ ಬ್ರೇಕ್ ಹಿಡಿಯುವುದೂ ತಡವಾಗುತ್ತದೆ. ಇಳಿದು ನೆರಳಲ್ಲಿ ಕುಳಿತು 30ರಿಂದ 40 ಗ್ರಾಂ ಬೇಗ ಕರಗುವ ಸಕ್ಕರೆ ತೆಗೆದುಕೊಳ್ಳಿ: ಜೆಲ್, ಜ್ಯೂಸ್ ಅಥವಾ ಬಾಟಲಿಯ ಸಿಹಿನೀರು. ಹದಿನೈದು ಇಪ್ಪತ್ತು ನಿಮಿಷ ಕಾಯಿರಿ. ನಡುಕ ನಿಂತ ಮೇಲೆ ಬ್ರೆಡ್ಡೋ ಬಾಳೆಹಣ್ಣೋ ತಿಂದು, ಹಗುರ ಗೇರ್‌ನಲ್ಲಿ ಹತ್ತಿರದ ದಾರಿ ಹಿಡಿದು ಮನೆಗೆ ತಿರುಗಿ.