ಪುಲಿಗೆರೆಯ ಸೋಮೇಶ್ವರನ ಅಂಗಳದಲ್ಲಿ ಸಂಗೀತ ಕೇಳಲು ಹೋಗುವವರಿಗೆ

ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿರುವ ಸೋಮೇಶ್ವರ ದೇವಾಲಯದ ಪ್ರಾಂಗಣದಲ್ಲಿ ನಡೆಯುವ ಪುಲಿಗೆರೆ ಉತ್ಸವಕ್ಕೆ ಹೋಗಬಯಸುವವರು ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಬೇಕು: ಆ ದಿನದ ಮಧ್ಯಾಹ್ನದಿಂದಲೇ ಹೊತ್ತನ್ನು ಅದಕ್ಕಾಗಿ ತೆಗೆದಿಡಬೇಕು. ಸಂಜೆ ಸಂಗೀತ ಕಚೇರಿ ಆರಂಭವಾಗುವ ಹೊತ್ತಿಗೆ ಸರಿಯಾಗಿ ಬಂದು, ಕುರ್ಚಿ ಹಿಡಿದು, ಮುಗಿದ ಕೂಡಲೇ ಎದ್ದು ಹೋಗುವುದು ನಗರದ ಸಭಾಭವನಕ್ಕೆ ಸರಿಯಾದ ಕ್ರಮವಿರಬಹುದು. ಸುಮಾರು ಒಂಬೈನೂರು ವರ್ಷಗಳಿಗೂ ಹಳೆಯದಾದ ಗುಡಿಯ ಅಂಗಳದಲ್ಲಿ ಹಾಗೆ ಕೇಳಿದವರಿಗೆ ಸಂಗೀತ ಸಿಕ್ಕರೂ ಸ್ಥಳ ಸಿಗುವುದಿಲ್ಲ. ಇಲ್ಲಿ ಅವೆರಡನ್ನೂ ಬೇರ್ಪಡಿಸುವುದು ದೊಡ್ಡ ನಷ್ಟವೆಂದು ನಾನು ನಂಬಿದ್ದೇನೆ.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಆದಿಕವಿ ಪಂಪನು ತನ್ನ ಕಾವ್ಯದ ಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಕರೆದುಕೊಂಡದ್ದು ಕ್ರಿ.ಶ. 10ನೆಯ ಶತಮಾನದಲ್ಲಿ. ಅದಕ್ಕೂ ಹಿಂದೆ, ಸುಮಾರು 725ರಲ್ಲಿ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಈ ಊರಿನ ಮಹಾಜನರಿಗೂ ಪ್ರಜೆಗಳಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆಯ ಶಾಸನವು ಇಲ್ಲಿಯೇ ದೊರೆತಿದ್ದು, ಊರಿನ ಕಂಚುಗಾರರ ಶ್ರೇಣಿಗೆ ತೆರಿಗೆ ಸಂಗ್ರಹದ ಹೊಣೆಯಿದ್ದುದನ್ನು ಅದು ಹೇಳುತ್ತದೆ. ಊರು ಒಟ್ಟಾಗಿ ಸೇರಿ ತನ್ನ ಕೆಲಸ ತಾನೇ ನಡೆಸಿಕೊಂಡ ದೀರ್ಘ ರೂಢಿ ಇಲ್ಲಿಯದು. ಉತ್ಸವದ ಜನಸಂದಣಿಯಲ್ಲಿ ಕುಳಿತಾಗ ಈ ಹಿನ್ನೆಲೆ ತಿಳಿದಿದ್ದರೆ ಸುತ್ತಲಿನವರನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಹೊರಡುವ ಮೊದಲು ದಿನಾಂಕವನ್ನು ಖಚಿತಪಡಿಸಿಕೊಳ್ಳಿರಿ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದೇವಾಲಯವು ಜೀರ್ಣೋದ್ಧಾರಗೊಂಡ ಬಳಿಕ ಆರಂಭವಾದ ಈ ಉತ್ಸವವು ಹೆಚ್ಚಾಗಿ ಜನವರಿಯಲ್ಲಿ, ಮೂರು ದಿನಗಳ ಕಾಲ ನಡೆಯುತ್ತ ಬಂದಿದೆ. ಆದರೆ ಅದು ಪಂಚಾಂಗದ ತಿಥಿಗೆ ಕಟ್ಟಿಕೊಂಡ ಜಾತ್ರೆಯಲ್ಲವಾದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡದೆ ರಜೆ ಹಾಕುವುದು ಬೇಡ. ಹುಬ್ಬಳ್ಳಿ ಮತ್ತು ಗದಗ ಆವೃತ್ತಿಯ ದಿನಪತ್ರಿಕೆಗಳಲ್ಲಿ ಕಾರ್ಯಕ್ರಮದ ವಿವರ ಕೆಲವು ದಿನ ಮೊದಲು ಬರುತ್ತದೆ. ಮೂರು ದಿನವೂ ಹೋಗಲಾಗದವರು ದೊಡ್ಡ ಹೆಸರುಗಳನ್ನಷ್ಟೇ ನೋಡಿ ದಿನ ಆರಿಸಿಕೊಳ್ಳದೆ, ಗಾಯನವೋ ವಾದನವೋ ನೃತ್ಯವೋ ಯಾವುದು ತಮಗೆ ಹೆಚ್ಚು ಪ್ರಿಯವೆಂಬುದನ್ನು ನೋಡಿ ಆರಿಸಿಕೊಳ್ಳಲಿ. ನನ್ನನ್ನು ಕೇಳಿದರೆ, ಹಿಂದೂಸ್ತಾನಿ ಸಂಗೀತದ ಮುಖ್ಯ ಹಾಡುಗಾರಿಕೆಯಾದ ಖಯಾಲ್ ಗಾಯನವಿರುವ ದಿನಕ್ಕೆ ಈ ಅಂಗಳ ಹೇಳಿ ಮಾಡಿಸಿದಂತಿದೆ.

ಗದಗದಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರ್, ಹುಬ್ಬಳ್ಳಿಯಿಂದ ಸುಮಾರು 55 ಕಿಲೋಮೀಟರ್. ಎರಡೂ ಕಡೆಯಿಂದ ಸಾರಿಗೆ ಬಸ್ಸುಗಳಿವೆ. ಹೋಗುವ ಬಸ್ಸಿನ ಚಿಂತೆ ಬೇಡ. ಚಿಂತಿಸಬೇಕಾದದ್ದು ಮರಳುವ ಬಸ್ಸನ್ನು ಕುರಿತು. ಕಚೇರಿ ಮುಗಿಯುವ ಹೊತ್ತಿಗೆ ರಾತ್ರಿ ಬಹಳವಾಗಿರುತ್ತದೆ; ಆದ್ದರಿಂದ ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಕೊನೆಯ ಬಸ್ಸಿನ ವೇಳೆಯನ್ನು ಕೇಳಿ ಬರೆದುಕೊಳ್ಳುವುದು ಲೇಸು. ನಾಲ್ಕೈದು ಜನ ಸೇರಿ ಗಾಡಿ ಮಾಡಿಕೊಂಡು ಬರುವುದು ಅದಕ್ಕಿಂತ ಉತ್ತಮ, ಏಕೆಂದರೆ ಬಸ್ಸಿನ ವೇಳೆಯನ್ನು ನೋಡುತ್ತ ಕುಳಿತವರಿಗೆ ಕಚೇರಿಯ ಕೊನೆಯ ಭೈರವಿ ರಾಗ ಕಿವಿಗೆ ಬಿದ್ದರೂ ಮನಸ್ಸಿಗೆ ಮುಟ್ಟುವುದಿಲ್ಲ. ರಾತ್ರಿ ಉಳಿದುಕೊಳ್ಳುವವರಿಗೆ ವಸತಿಗೃಹಗಳ ಆಯ್ಕೆ ಗದಗ ಮತ್ತು ಹುಬ್ಬಳ್ಳಿಯಲ್ಲಿ ಹೆಚ್ಚು; ಊರಿನಲ್ಲಿ ಬಂಧುಗಳಿದ್ದರೆ ಅವರ ಮನೆಗೆ ಮೊದಲೇ ತಿಳಿಸಿಬಿಡಿರಿ.

ಹುಬ್ಬಳ್ಳಿಯ ಕಡೆಯಿಂದ ಬರುವವರು ಒಂದು ತಾಸು ಮೊದಲು ಹೊರಟು ದಾರಿಯಲ್ಲಿ ಕುಂದಗೋಳದಲ್ಲಿ ಇಳಿಯಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ. ಹಿಂದೂಸ್ತಾನಿ ಗಾಯನದ ಒಂದು ಗುರುಪರಂಪರೆಯಾದ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ, ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ (1886–1952) ಇದ್ದ ಊರು ಇದು. ಗಂಗೂಬಾಯಿ ಹಾನಗಲ್ಲರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ಇಲ್ಲಿಗೆ ಬರುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಬಳಿಯಿದ್ದು ಕಲಿತದ್ದೂ ಇಲ್ಲಿಯೇ. ಇದೇ ತಾಲೂಕಿನ ಯಲಿವಾಳದಲ್ಲಿ ಹುಟ್ಟಿದವರು ಬಸವರಾಜ ರಾಜಗುರು. ಕುಂದಗೋಳದ ನಾಡಗೇರ ಮನೆತನದ ವಾಡೆಯನ್ನೂ (ದೊಡ್ಡ ಮನೆ) ಶಂಭುಲಿಂಗೇಶ್ವರ ಗುಡಿಯನ್ನೂ ನೋಡಿಕೊಂಡು ಮುಂದೆ ಸಾಗಿದರೆ, ಸಂಜೆ ಕೇಳಲಿರುವ ಸಂಗೀತವು ಯಾವ ಮಣ್ಣಿನಲ್ಲಿ ಬೇರೂರಿ ಬೆಳೆಯಿತೆಂಬುದು ದಾರಿಯಲ್ಲಿಯೇ ಅರಿವಿಗೆ ಬರುತ್ತದೆ.

ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ದೇವಾಲಯದ ಬಳಿ ಇರುವಂತೆ ನೋಡಿಕೊಳ್ಳಿರಿ. ಜನವರಿಯಲ್ಲಿ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುವುದರಿಂದ ಮೂರು ತಾಸಿನ ಬೆಳಕು ಸಿಗುತ್ತದೆ. ಕೋಟೆಯ ಗೋಡೆಯನ್ನು ಹೋಲುವ ಎತ್ತರದ ಪ್ರಾಕಾರ, ಅದಕ್ಕೆ ಮೂರು ಬಾಗಿಲು, ಒಳಗೆ ವಿಶಾಲವಾದ ಅಂಗಳ, ಅಂಗಳದ ಅಂಚಿನಲ್ಲಿ ಬಹುಪಾಲು ಶಿವನವೇ ಆದ ಚಿಕ್ಕ ಚಿಕ್ಕ ಗುಡಿಗಳು, ಒಂದು ತೆರೆದ ಬಾವಿ, ನಡುವೆ ಕಲ್ಯಾಣ ಚಾಲುಕ್ಯರ ಕಾಲದ ಮುಖ್ಯ ದೇವಾಲಯ. ಈ ವಿನ್ಯಾಸವನ್ನು ಮೊದಲು ಒಂದು ಸುತ್ತು ನಡೆದು ತಿಳಿದುಕೊಳ್ಳುವುದರಿಂದ ಎರಡು ಲಾಭಗಳಿವೆ. ಕತ್ತಲಾದ ಮೇಲೆ ಎಲ್ಲಿ ಮೆಟ್ಟಿಲಿದೆ, ಎಲ್ಲಿ ನೆಲ ಏರುಪೇರಾಗಿದೆ, ಯಾವ ಬಾಗಿಲಿನಿಂದ ಹೊರಗೆ ಹೋಗಬಹುದು ಎಂಬುದು ಗೊತ್ತಿರುತ್ತದೆ. ದೀಪಾಲಂಕಾರದಲ್ಲಿ ಮಿನುಗುವ ಗೋಡೆಯ ಕೆತ್ತನೆಯನ್ನು ರಾತ್ರಿ ದೂರದಿಂದ ನೋಡುವಾಗ, ಹಗಲಿನಲ್ಲಿ ಹತ್ತಿರದಿಂದ ಕಂಡ ವಿವರಗಳು ನೆನಪಿಗೆ ಬಂದು ಅದಕ್ಕೆ ಅರ್ಥ ಕೂಡುತ್ತದೆ. ಓರೆಬೆಳಕಿನಲ್ಲಿ ಕೆತ್ತನೆಯ ಆಳ ಚೆನ್ನಾಗಿ ಕಾಣುವುದರಿಂದ ನಾಲ್ಕೂವರೆಯ ನಂತರದ ಬಿಸಿಲು ನೋಡುವುದಕ್ಕೂ ಚಿತ್ರ ತೆಗೆಯುವುದಕ್ಕೂ ಅನುಕೂಲ.

ಗರ್ಭಗುಡಿಯ ದರ್ಶನವನ್ನು ಈ ಹೊತ್ತಿನಲ್ಲಿಯೇ ಮುಗಿಸಿಕೊಳ್ಳಿರಿ. ನಂದಿಯ ಮೇಲೆ ಆಸೀನರಾದ ಶಿವ ಪಾರ್ವತಿಯರ ಮೂರ್ತಿ ಇಲ್ಲಿಯ ವಿಶೇಷ. ಶರಣ ಆದಯ್ಯನು ಸೌರಾಷ್ಟ್ರದಿಂದ ಸೋಮನಾಥನನ್ನು ಪುಲಿಗೆರೆಗೆ ಕರೆತಂದನೆಂಬ ಕಥೆಯನ್ನು ಹರಿಹರನೂ ರಾಘವಾಂಕನೂ ಹಾಡಿದ್ದಾರೆ. ಅರ್ಚಕರನ್ನೋ ಊರಿನ ಹಿರಿಯರನ್ನೋ ವಿನಯದಿಂದ ಕೇಳಿದರೆ ಆ ಕಥೆಯನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. ನಿತ್ಯಪೂಜೆ ನಿಂತಿಲ್ಲದ ಗುಡಿ ಇದಾದ್ದರಿಂದ ಪಾದರಕ್ಷೆಯನ್ನು ಸೂಚಿಸಿದ ಜಾಗದಲ್ಲಿ ಬಿಡಬೇಕು. ಕೆತ್ತನೆಗಳನ್ನು ಕೈಯಿಂದ ಸವರಬಾರದು. ಸಾವಿರಾರು ಜನರ ಬೆರಳಿನ ಬೆವರು ಮತ್ತು ಜಿಡ್ಡು ಕಲ್ಲನ್ನು ನಿಧಾನವಾಗಿ ಕೆಡಿಸುತ್ತವೆ. ಕಚೇರಿಯನ್ನು ನೋಡಲು ಚೆನ್ನಾಗಿರುತ್ತದೆಂದು ಕಿರುಗುಡಿಗಳ ಅಧಿಷ್ಠಾನವನ್ನು (ತಳಗಟ್ಟನ್ನು) ಏರಿ ನಿಲ್ಲುವುದು, ಶಾಸನದ ಕಲ್ಲಿಗೆ ಒರಗಿ ಕೂರುವುದು, ಮಕ್ಕಳನ್ನು ಶಿಲ್ಪದ ಮೇಲೆ ಕೂರಿಸಿ ಚಿತ್ರ ತೆಗೆಯುವುದು ಇವೆಲ್ಲವೂ ತಪ್ಪು. ಈ ಊರಿನಲ್ಲಿ ಐವತ್ತಕ್ಕೂ ಹೆಚ್ಚು ಶಾಸನಗಳು ದೊರೆತಿವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಕಾಲ ಕೆಳಗಿನ ಒಂದೊಂದು ಕಲ್ಲಿಗೂ ಎಚ್ಚರದಿಂದ ನಡೆದುಕೊಳ್ಳುವುದು ಸಹಜವಾಗುತ್ತದೆ.

ಜತೆಗೆ ಒಯ್ಯಬೇಕಾದ ವಸ್ತುಗಳು ಹೆಚ್ಚಿಲ್ಲ. ಹಗಲಿನಲ್ಲಿ ಬಿಸಿಲು ಚುರುಗುಟ್ಟಿದರೂ ರಾತ್ರಿ ಬಯಲಿನಲ್ಲಿ ಥಂಡಿ ಏರುತ್ತದೆ ಮತ್ತು ನೆಲದ ಕಲ್ಲು ಬೇಗ ತಣ್ಣಗಾಗುತ್ತದೆ. ಆದ್ದರಿಂದ ಹೊದೆಯಲು ಶಾಲು, ಕೆಳಗೆ ಹಾಸಿಕೊಳ್ಳಲು ದಪ್ಪನೆಯ ಜಮಖಾನೆ, ಹಿರಿಯರಿಗೆ ಕಿವಿ ಮುಚ್ಚುವ ಮಫ್ಲರ್, ಕುಡಿಯುವ ನೀರು, ಚಿಕ್ಕದೊಂದು ಬ್ಯಾಟರಿ ಇವಿಷ್ಟು ಸಾಕು. ಮೊಣಕಾಲು ನೋವಿರುವವರನ್ನು ಕರೆದೊಯ್ಯುವವರು ಬೇಗನೆ ಹೋಗಿ ಕುರ್ಚಿಯಿರುವ ಕಡೆ ಅವರನ್ನು ಕೂರಿಸಿ, ಶೌಚಾಲಯ ಎಲ್ಲಿದೆ ಎಂಬುದನ್ನು ಸ್ವಯಂಸೇವಕರಲ್ಲಿ ಕೇಳಿಟ್ಟುಕೊಳ್ಳಬೇಕು.

ಊಟದ ವಿಷಯ: ಸಂಜೆ ಕಾರ್ಯಕ್ರಮಕ್ಕೆ ಮೊದಲು ಗಿರ್ಮಿಟ್, ಮಿರ್ಚಿ, ಚಹಾ ಇವಿಷ್ಟರಲ್ಲಿ ನಿಲ್ಲಿಸಿ. ಖಾನಾವಳಿಯಲ್ಲಿ ರೊಟ್ಟಿ ಊಟವನ್ನು ಮಧ್ಯಾಹ್ನವೇ ಮುಗಿಸಿದ್ದರೆ ಒಳಿತು, ಹೊಟ್ಟೆ ಭಾರವಾದವರಿಗೆ ವಿಲಂಬಿತ, ಅಂದರೆ ನಿಧಾನಗತಿಯ ಲಯ ಜೋಗುಳವಾಗಿಬಿಡುತ್ತದೆ. ಜನವರಿಯಲ್ಲಿ ಹೊಲಗಳಲ್ಲಿ ಜೋಳದ ಸೀತನಿಯ, ಅಂದರೆ ಎಳೆಯ ತೆನೆಯನ್ನು ಸುಟ್ಟು ತಿನ್ನುವ ಕಾಲ. ದಾರಿಯಲ್ಲಿ ಪರಿಚಯದವರು ಯಾರಾದರೂ ಕರೆದರೆ ಬಿಡಬೇಡಿರಿ.

ಇನ್ನು ಎಲ್ಲಿ ಕುಳಿತುಕೊಳ್ಳಬೇಕೆಂಬ ಪ್ರಶ್ನೆ. ಬಹಳ ಜನ ವೇದಿಕೆಗೆ ಅಂಟಿಕೊಂಡು ಕೂರಲು ಧಾವಿಸುತ್ತಾರೆ. ನೃತ್ಯವಾದರೆ ಅದು ಸರಿ. ಸಂಗೀತಕ್ಕೆ ಅದು ಒಳ್ಳೆಯ ಜಾಗವಲ್ಲ. ಬಯಲಿನಲ್ಲಿ ದನಿಯನ್ನು ಹಿಡಿದು ಮರಳಿಸಲು ಮೇಲೆ ಸೂರಿಲ್ಲ, ಆದ್ದರಿಂದ ನಮಗೆ ಕೇಳುವುದು ಬಹುಮಟ್ಟಿಗೆ ಧ್ವನಿವರ್ಧಕದಿಂದ ನೇರವಾಗಿ ಬರುವ ದನಿ. ವೇದಿಕೆಯ ಒಂದು ಬದಿಗೆ ಕುಳಿತವರಿಗೆ ಆ ಬದಿಯ ಪೆಟ್ಟಿಗೆಯ ಅಬ್ಬರ ಮಾತ್ರ ಕೇಳುತ್ತದೆ. ತೀರ ಹಿಂದೆ, ಗೋಡೆಯ ಹತ್ತಿರ ಕುಳಿತರೆ ಕಲ್ಲಿಗೆ ಬಡಿದು ಮರಳುವ ದನಿಯು ಮೂಲದ ದನಿಯೊಡನೆ ಬೆರೆತು ವೇಗವಾಗಿ ಹಾಡುವ ತಾನುಗಳ ಒಂದೊಂದು ಸ್ವರ ಮಸುಕಾಗುತ್ತದೆ. ಧ್ವನಿಯನ್ನು ಹೊಂದಿಸುವ ತಂತ್ರಜ್ಞರ ಮೇಜು ಎಲ್ಲಿದೆ ಎಂದು ನೋಡಿಕೊಂಡು, ಅದರ ಮುಂದೆ, ವೇದಿಕೆಯ ನಟ್ಟನಡುವಿನ ನೇರಕ್ಕೆ ಕುಳಿತುಕೊಳ್ಳುವುದು ಎಲ್ಲಕ್ಕಿಂತ ಉತ್ತಮ, ಏಕೆಂದರೆ ಅವರು ತಮ್ಮ ಕಿವಿಗೆ ಹಿತವಾಗುವಂತೆ ಹೊಂದಿಸಿದ ದನಿಯೇ ಅಲ್ಲಿ ಕುಳಿತವರಿಗೂ ಸಿಗುತ್ತದೆ.

ಕಲಾವಿದರು ವೇದಿಕೆಗೆ ಬಂದು ಶ್ರುತಿ ಮಾಡಿಕೊಳ್ಳುವಾಗ ಹರಟೆ ಬೇಡ. ಥಂಡಿ ಏರಿದಂತೆ ತಂಬೂರಿಯ ಲೋಹದ ತಂತಿ ಕುಗ್ಗಿ ಬಿಗಿಯಾಗಿ ಸ್ವರ ಮೇಲೇರುತ್ತದೆ. ಇಬ್ಬನಿಯ ತೇವ ತಗುಲಿದ ತಬಲಾದ ತೊಗಲು ಸಡಿಲಾಗಿ ಸ್ವರ ಕೆಳಗಿಳಿಯುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಸರಿಯುವ ಈ ತೊಡಕಿನಿಂದಾಗಿ ಬಯಲಿನ ಕಚೇರಿಯಲ್ಲಿ ನಡುನಡುವೆ ಮತ್ತೆ ಮತ್ತೆ ಶ್ರುತಿ ಸರಿಪಡಿಸಿಕೊಳ್ಳಬೇಕಾಗುತ್ತದೆ. ಅದನ್ನು ವಿರಾಮವೆಂದು ತಿಳಿದು ಮಾತಿಗಿಳಿದರೆ ಕಲಾವಿದರಿಗೆ ತಂಬೂರಿಯೇ ಕೇಳದಂತಾಗುತ್ತದೆ. ವಿಲಂಬಿತ ಖಯಾಲ್ ಆರಂಭವಾದ ಮೇಲೆ ವೇಗದ ದ್ರುತ್ ಭಾಗ ಮುಗಿಯುವವರೆಗೂ ಏಳಬಾರದು. ಏಳಲೇಬೇಕಾದವರು ಮೊದಲೇ ಅಂಚಿನಲ್ಲಿ ಕುಳಿತಿರಲಿ. ಹಾಡು ತಾಳದ ಮೊದಲ ಪೆಟ್ಟಾದ ಸಮದ ಮೇಲೆ ಬಂದು ನಿಂತಾಗ ಮೆಲ್ಲಗೆ ‘ವ್ಹಾ’ ಎನ್ನುವುದು ನಮ್ಮ ಭಾಗದ ಮೈಫಿಲಿನ ರೂಢಿ, ಅದರಿಂದ ಕಲಾವಿದರಿಗೂ ಹುರುಪು ಬರುತ್ತದೆ. ಆಲಾಪದ ಮಧ್ಯೆ ಚಪ್ಪಾಳೆ ಹೊಡೆಯುವುದು ಮತ್ತು ಮೊಬೈಲನ್ನು ಎತ್ತಿ ಹಿಡಿದು ಹಿಂದಿನವರ ಕಣ್ಣಿಗೆ ಬೆಳಕು ಬಿಡುವುದು ಎರಡೂ ಕೇಳುಗರ ಏಕಾಗ್ರತೆಯನ್ನು ಕಲಕುತ್ತವೆ.

ಮಕ್ಕಳನ್ನು ಕರೆದುಕೊಂಡು ಬನ್ನಿರಿ. ಅವರು ಇಡೀ ಕಚೇರಿ ಕೇಳಬೇಕೆಂಬ ಹಟ ಬೇಡ. ಒಂದು ತಾಸು ಕೇಳಿ, ಶಾಲು ಹೊದ್ದು ನಿಮ್ಮ ತೊಡೆಯ ಮೇಲೆ ನಿದ್ದೆ ಹೋದರೂ ಕಿವಿಗೆ ಸ್ವರ ಬಿದ್ದಿರುತ್ತದೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ನೂರಾರು ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಬೆಳೆಸಿದ ಜಿಲ್ಲೆ ಇದು. ಎಳೆಯ ಕಿವಿಯ ಗ್ರಹಣಶಕ್ತಿಯನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ.

ಉಳಿದುಕೊಂಡವರಿಗೆ ಮರುದಿನ ಬೆಳಗಿನ ಕಾರ್ಯಕ್ರಮವಿದ್ದರೆ ಅದನ್ನು ತಪ್ಪಿಸಿಕೊಳ್ಳಬಾರದು. ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ಹೊತ್ತು ಗೊತ್ತುಪಡಿಸಲಾಗಿದೆ. ಬೇರೆಡೆ ಕಚೇರಿಗಳೆಲ್ಲ ಸಂಜೆಗೇ ಮೀಸಲಾದ್ದರಿಂದ ಯಮನ್, ಪೂರಿಯಾ ಧನಾಶ್ರೀ, ಬಾಗೇಶ್ರೀಗಳು ಮತ್ತೆ ಮತ್ತೆ ಕೇಳಲು ಸಿಗುತ್ತವೆ, ಲಲಿತ್, ಭೈರವ, ತೋಡಿಗಳು ಸಿಗುವುದು ಅಪರೂಪ. ಬೆಳಗಿನ ರಾಗವನ್ನು ಬೆಳಗಿನಲ್ಲಿಯೇ, ಅದೂ ಎಳೆಬಿಸಿಲು ಪ್ರಾಕಾರದ ಗೋಡೆಯನ್ನು ದಾಟಿ ಅಂಗಳಕ್ಕಿಳಿಯುವ ಹೊತ್ತಿನಲ್ಲಿ ಕೇಳುವ ಅವಕಾಶಕ್ಕಾಗಿ ಒಂದು ರಾತ್ರಿಯ ವಸತಿಯ ಖರ್ಚು ಏನೇನೂ ಹೆಚ್ಚಲ್ಲ.

ಆಮೇಲೆ ಊರಿನೊಳಗೆ ಶಂಖ ಬಸದಿ, ಅನಂತನಾಥ ಬಸದಿ ಮತ್ತು ಹಳೆಯ ಜುಮ್ಮಾ ಮಸೀದಿಗಳನ್ನು ನೋಡಿರಿ; ಒಂದೇ ಪಟ್ಟಣದಲ್ಲಿ ನಡೆದಾಡುವಷ್ಟು ಅಂತರದಲ್ಲಿ ಶೈವ, ಜೈನ, ಇಸ್ಲಾಂ ಮೂರೂ ಪರಂಪರೆಗಳ ಕಟ್ಟಡಗಳಿವೆ. ಗದಗದ ದಾರಿ ಹಿಡಿಯುವವರು ಮಾಗಡಿ ಕೆರೆಯ ಬಳಿ ನಿಲ್ಲಬೇಕು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ, ಮತ್ತು ಉತ್ಸವದ ಕಾಲವೂ ಅವು ಇಲ್ಲಿರುವ ಕಾಲವೂ ಒಂದೇ. ಸುತ್ತಲಿನ ಹೊಲಗಳಲ್ಲಿ ಮೇದು ಬಂದ ಹಕ್ಕಿಗಳು ನೀರಿನಲ್ಲಿ ವಿಶ್ರಮಿಸುತ್ತಿರುವುದರಿಂದ ದಂಡೆಯಲ್ಲಿ ಗದ್ದಲ ಮಾಡದೆ, ದೂರದರ್ಶಕವಿದ್ದರೆ ಅದರಿಂದ ನೋಡಿಕೊಂಡು ಹೊರಡಿರಿ. ಅಲ್ಲಿಂದ ಗದಗ 26 ಕಿಲೋಮೀಟರ್, ಮಧ್ಯಾಹ್ನದ ಊಟಕ್ಕೆ ತಲುಪಬಹುದು.